ಅರ್ಥವಾಗದ ಸಿನಿಮಾದಿಂದ ಹುಟ್ಟಿದ ‘ಸಂಸ್ಕಾರ’

ಕಲಾತ್ಮಕ ಸಿನಿಮಾ ಮುಗಿದ ಮೇಲೆ ನಮ್ಮ ಊರುಗಳಲ್ಲಿ ಕೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಕೊನೆಗೆ ಏನಾಯ್ತು ಅಂತಲೇ ತಿಳೀಲಿಲ್ಲ.’ ಕೆಲವರು ಇದನ್ನು ಹೇಳಲೂ ನಾಚುತ್ತಾರೆ. ನಾಚಬೇಕಾಗಿಲ್ಲ. ಮಾತೇ ತಿಳಿಯದ ಭಾಷೆಯ ಸಿನಿಮಾ ನೋಡಿದ ಮೇಷ್ಟ್ರೊಬ್ಬರು ಕನ್ನಡದ ದೊಡ್ಡ ಕಾದಂಬರಿಯೊಂದನ್ನು ಬರೆದ ಕಥೆ ನಮ್ಮಲ್ಲೇ ಇದೆ.

ಯು.ಆರ್. ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ಮೈಸೂರಿನಲ್ಲಿ ಎಂ.ಎ. ಓದಿ ಇಂಗ್ಲಿಷ್ ಮೇಷ್ಟ್ರಾದರು. 1963ರಲ್ಲಿ ಹೆಚ್ಚಿನ ಓದಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ತಮ್ಮ ಗುರು, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜೊತೆ ಸ್ವೀಡನ್ನಿನ ಇಂಗ್ಮರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ (1957) ನೋಡಿದರು. ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲ.

ಆ ಚಿತ್ರದಲ್ಲಿ ಧರ್ಮಯುದ್ಧ ಮುಗಿಸಿ ಊರಿಗೆ ಮರಳುವ ಯೋಧನೊಬ್ಬನಿದ್ದಾನೆ. ದೇಶದ ತುಂಬ ಪ್ಲೇಗು. ಯೋಧ ಸಾವಿನ ಜೊತೆ ಚದುರಂಗ ಆಡುತ್ತಾನೆ. ಜನ ಪಾಪ ಕಳೆಯಲೆಂದು ತಮ್ಮನ್ನೇ ಚಾವಟಿಯಿಂದ ಹೊಡೆದುಕೊಳ್ಳುತ್ತಾರೆ. ಮಾಟಗಾತಿ ಎಂದು ಒಬ್ಬ ಹುಡುಗಿಯನ್ನು ಸುಡುತ್ತಾರೆ. ದೇವರಿದ್ದಾನೆಯೇ ಎಂದು ಯೋಧ ಕೇಳುತ್ತಲೇ ಇರುತ್ತಾನೆ. ಉತ್ತರ ಬರುವುದಿಲ್ಲ.

ಮಾತು ತಿಳಿಯದಿದ್ದರೂ ಅನಂತಮೂರ್ತಿಯವರಿಗೆ ಇದು ದೂರದ ಕಥೆ ಅನ್ನಿಸಲಿಲ್ಲ. ಯುರೋಪಿನವರು ಪುಸ್ತಕ ಓದಿ ಕಟ್ಟಿಕೊಳ್ಳಬೇಕಾದ ಹಳೆಯ ಕಾಲ ಭಾರತದವರ ನೆನಪಿನಲ್ಲಿ ಇನ್ನೂ ಬದುಕಿದೆ ಎಂಬ ಮಾತು ಇಬ್ಬರ ನಡುವೆ ಬಂತು. ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. 1965ರಲ್ಲಿ ‘ಸಂಸ್ಕಾರ’ ಬಂತು.

ಪ್ಲೇಗು ನಮ್ಮವರಿಗೂ ಹೊಸದಲ್ಲ. 1898ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಮೈಸೂರು ನಗರದ ಇಕ್ಕಟ್ಟಿನ ಕೇರಿಗಳನ್ನು ಸರಿಪಡಿಸಲು 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಕಟ್ಟಬೇಕಾಯಿತು.

‘ಸಂಸ್ಕಾರ’ದಲ್ಲೂ ಇಲಿ ಬೀಳುತ್ತವೆ. ಆಚಾರ ಬಿಟ್ಟ ನಾರಣಪ್ಪ ಅಗ್ರಹಾರದಲ್ಲಿ ಸಾಯುತ್ತಾನೆ. ಅವನ ಶವ ಸುಡುವವರು ಯಾರು? ಪ್ರಾಣೇಶಾಚಾರ್ಯರು ಶಾಸ್ತ್ರ ಹುಡುಕುತ್ತಾರೆ, ಮಾರುತಿಯನ್ನು ಕೇಳುತ್ತಾರೆ. ಇಲ್ಲೂ ಉತ್ತರವಿಲ್ಲ. ಶವ ಕೊಳೆಯುತ್ತದೆ. ಕೊನೆಗೆ ದಹನ ಮಾಡಿಸುವವಳು ಎಲ್ಲರೂ ಹೀಗಳೆದ ಚಂದ್ರಿ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಸಿನಿಮಾ ಮಾಡಿದರು. ಗಿರೀಶ ಕಾರ್ನಾಡ್ ಆಚಾರ್ಯ, ಪಿ. ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಒಪ್ಪಲಿಲ್ಲ. ಒಂದು ಸಮುದಾಯ ಕೆರಳೀತು ಎಂಬ ಅಂಜಿಕೆ. ಜನ ನೋಡುವ ಮೊದಲೇ ಜನರ ಅಭಿಪ್ರಾಯವನ್ನು ಕಚೇರಿಯೇ ತೀರ್ಮಾನಿಸಿತ್ತು. ಕೇಂದ್ರ ಸರ್ಕಾರ ಆ ತಡೆ ತೆಗೆದ ಮೇಲೆ ಸಿನಿಮಾ ಬಿಡುಗಡೆಯಾಯಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಪ್ರಾಣೇಶಾಚಾರ್ಯರು ಊರಿನವರ ಮುಂದೆ ನಿಜ ಹೇಳಿದರೇ? ಕಾದಂಬರಿ ಅದನ್ನು ಹೇಳದೆ ಮುಗಿಯುತ್ತದೆ. ಅದು ಕಥೆಯ ಕೊರತೆ ಅಲ್ಲ. ಉತ್ತರ ಹೇಳುವ ಕೆಲಸವನ್ನು ಲೇಖಕರು ನಮಗೇ ಬಿಟ್ಟಿದ್ದಾರೆ.

ಇಂಥ ಸಿನಿಮಾ ನೋಡಲು ಪದವಿ ಬೇಕಿಲ್ಲ ಎಂದು ನಾವು ನಂಬುತ್ತೇವೆ. ಸ್ಮಶಾನಕ್ಕೆ ದಾರಿ ಬಿಡದ ಜಗಳ ಕಂಡವರಿಗೆ, ಬಹಿಷ್ಕಾರ ಕಂಡವರಿಗೆ, ಮಾರಿ ಬಂದಾಗ ಊರು ಬಿಟ್ಟ ಕಥೆಯನ್ನು ಅಜ್ಜಿಯಿಂದ ಕೇಳಿದವರಿಗೆ ‘ಸಂಸ್ಕಾರ’ದ ಅರ್ಧ ಆಗಲೇ ಗೊತ್ತು. ಉಳಿದರ್ಧವನ್ನು ಮನೆಯವರೆಲ್ಲ ಕೂತು ನೋಡಿ, ಜಗಳವಾಡಿ, ತೀರ್ಮಾನ ಮಾಡಿ.