ಮೋಡೆಮ್ ಆಜ್ಞೆಗಳಿಂದ ಕನ್ನಡ ಕಿರುಸಂದೇಶ: ಕೊಚ್ಚಿ, ತಿರುವನಂತಪುರದ ಕುಟುಂಬಗಳಿಗೊಂದು ಕೈಪಿಡಿ

ಕೇರಳದ ಮೊದಲ ಮೊಬೈಲ್ ಕರೆ 1996ರ ಸೆಪ್ಟೆಂಬರ್ 17ರಂದು ಕೊಚ್ಚಿಯಲ್ಲಿ ನಡೆಯಿತು. ಕಾದಂಬರಿಕಾರ ತಕಳಿ ಶಿವಶಂಕರ ಪಿಳ್ಳೆಯವರು ಅಂದು ನೌಕಾಪಡೆಯ ವೈಸ್ ಅಡ್ಮಿರಲ್ ಎ. ಆರ್. ಟಂಡನ್ ಅವರೊಡನೆ ಮಾತನಾಡಿದರು. ಮಾತಿಗೆ ಲಿಪಿಯ ತೊಡಕಿಲ್ಲ, ಕಿರುಸಂದೇಶಕ್ಕೆ ಉಂಟು. ಕನ್ನಡದಲ್ಲಿ ಕಳುಹಿಸಿದ ವಾರ್ತೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲಪಿದ ಅನುಭವ ನಮ್ಮಲ್ಲಿ ಹಲವರಿಗಿದೆ.

2018ರ ಆಗಸ್ಟ್ ಪ್ರವಾಹದಲ್ಲಿ ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಅಂತಹ ಸಮಯದಲ್ಲಿ ಅಂತರ್ಜಾಲವಿಲ್ಲದ ಸಾದಾ ಮೊಬೈಲಿಗೂ ತಲಪಬಲ್ಲದ್ದು ಕಿರುಸಂದೇಶ. ಇಂಗ್ಲಿಷ್ ಓದದ ಹಿರಿಯರಿಗೆ ಅದು ಕನ್ನಡದಲ್ಲಿಯೇ, ಪೂರ್ಣವಾಗಿಯೇ ತಲಪಬೇಕು. ಗಣಕಕ್ಕೆ ಜೋಡಿಸಿದ ಸಿಮ್ ಸಹಿತ ಮೋಡೆಮ್ ಈ ಕೆಲಸವನ್ನು ಮಾಡಬಲ್ಲದು.

ಆಜ್ಞೆಗಳ ಪರಿಚಯ

ಅಮೆರಿಕದ ಹೇಯ್ಸ್ ಸಂಸ್ಥೆಯ 1981ರ ಸ್ಮಾರ್ಟ್‌ಮೋಡೆಮ್‌ನಿಂದ ಬಂದ 'ಎಟಿ' ಆಜ್ಞೆಗಳೇ ಇಂದಿಗೂ ಬಳಕೆಯಲ್ಲಿವೆ. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇವೆ.

'ಎಟಿ' ಎಂದರೆ ಮೋಡೆಮ್ 'ಓಕೆ' ಎನ್ನಬೇಕು. 'ಎಟಿ+ಸಿಎಸ್‌ಕ್ಯೂ' ಸಂಕೇತದ ಬಲವನ್ನು 0ಯಿಂದ 31ರವರೆಗಿನ ಅಂಕಿಯಲ್ಲಿ ತಿಳಿಸುತ್ತದೆ. 99 ಬಂದರೆ ಬಲ ತಿಳಿದಿಲ್ಲವೆಂದು ಅರ್ಥ. 'ಎಟಿ+ಸಿಆರ್‌ಇಜಿ?' ಎಂಬ ಪ್ರಶ್ನೆಗೆ ಉತ್ತರದ ಎರಡನೆಯ ಅಂಕಿ 1 ಆಗಿದ್ದರೆ ಸ್ವಂತ ಜಾಲ, 5 ಆಗಿದ್ದರೆ ರೋಮಿಂಗ್. ಕರ್ನಾಟಕದ ಸಿಮ್ ತಿರುವನಂತಪುರದಲ್ಲಿ 5 ತೋರಿಸಿದರೆ ಗಾಬರಿ ಬೇಡ. 'ಎಟಿ+ಸಿಎಸ್‌ಸಿಎ?' ಸಂದೇಶ ಕೇಂದ್ರದ ಸಂಖ್ಯೆಯನ್ನು ತೋರುತ್ತದೆ; ಅದಿಲ್ಲದಿದ್ದರೆ ಕಳುಹಿಸುವಾಗ 330ನೆಯ ದೋಷ ಬರುತ್ತದೆ.

ಕನ್ನಡದ ಲೆಕ್ಕ

ಒಂದು ಸಂದೇಶದಲ್ಲಿ 140 ಬೈಟ್‌ಗಳಿಗೆ ಸ್ಥಳವಿದೆ. ಇಂಗ್ಲಿಷಿಗೆ 160 ಅಕ್ಷರ. ಯೂನಿಕೋಡ್ ಕನ್ನಡಕ್ಕೆ 70 ಸ್ಥಾನ ಮಾತ್ರ. 'ರಾಜ್ಯೋತ್ಸವ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಜಾಲಕ್ಕೆ ಹತ್ತು ಸ್ಥಾನ. ಗುಣಿತವೂ ವಿರಾಮವೂ ಬೇರೆ ಬೇರೆ ಎಣಿಕೆಯಾಗುತ್ತವೆ. ಸಂದೇಶ ಉದ್ದವಾದರೆ ತುಂಡಾಗುತ್ತದೆ, ಪ್ರತಿ ತುಂಡಿಗೆ 67 ಸ್ಥಾನ ಉಳಿಯುತ್ತದೆ, ದರವೂ ತುಂಡಿನ ಲೆಕ್ಕದಲ್ಲಿ ಬೀಳಬಹುದು. 3ಜಿಪಿಪಿ ಮಾನದಂಡದಲ್ಲಿ ಕನ್ನಡ, ಮಲಯಾಳಂ ಮೊದಲಾದ ಭಾಷೆಗಳಿಗೆ ಹೆಚ್ಚು ಅಕ್ಷರ ಹಿಡಿಸುವ ಕೋಷ್ಟಕಗಳನ್ನು ಸೇರಿಸಲಾಗಿದೆ. ಆದರೆ ಪಡೆಯುವವರ ಫೋನಿಗೂ ಅವು ತಿಳಿದಿರಬೇಕು.

ಕಳುಹಿಸುವ ಕ್ರಮ

ಮೊದಲು 'ಎಟಿ+ಸಿಎಂಜಿಎಫ್=1'. ಬಳಿಕ 'ಎಟಿ+ಸಿಎಸ್‌ಸಿಎಸ್="ಯುಸಿಎಸ್2"', ನಂತರ 'ಎಟಿ+ಸಿಎಸ್‌ಎಂಪಿ=17,167,0,8'. ಕೊನೆಯ 8 ಯೂನಿಕೋಡ್‌ನ ಗುರುತು. ಇದನ್ನು ಮರೆತರೆ ಕನ್ನಡ ಕೆಡುತ್ತದೆ. 167 ಎಂದರೆ ಸಂದೇಶವನ್ನು 24 ಗಂಟೆ ಕಾಯ್ದಿರಿಸಬೇಕೆಂಬ ಕೋರಿಕೆ. ಪ್ರವಾಹದಲ್ಲಿ ಫೋನ್ ದಿನಗಟ್ಟಲೆ ಆರಿರಬಹುದಾದುದರಿಂದ 173, ಅಂದರೆ ಏಳು ದಿನ, ಮೇಲು. ಜಾಲದ ಮಿತಿ ಬೇರೆಯಿರಬಹುದು. ಬಳಿಕ 'ಎಟಿ+ಸಿಎಂಜಿಎಸ್' ಜೊತೆಗೆ ಫೋನ್ ಸಂಖ್ಯೆ, ಸಂದೇಶ, ಕೊನೆಗೆ ಕಂಟ್ರೋಲ್-ಜೆಡ್. ಸಂದೇಶದಂತೆಯೇ ಫೋನ್ ಸಂಖ್ಯೆಯನ್ನೂ ಹದಿನಾರು ಆಧಾರದ ಅಂಕಿಗಳಲ್ಲಿ ಬರೆಯಬೇಕೆಂಬುದು ಅನೇಕರು ಎಡವುವ ಸ್ಥಳ.

ಎಚ್ಚರಿಕೆಗಳು

2ಜಿ ಜಾಲವಿಲ್ಲದ ಸಂಸ್ಥೆಯ ಸಿಮ್ ಹಳೆಯ ಮೋಡೆಮ್‌ನಲ್ಲಿ ನಡೆಯದು. ಬಂಧುಮಿತ್ರರಿಗೆ ಕ್ಷೇಮವಾರ್ತೆ ಬೇರೆ, ವಾಣಿಜ್ಯ ಸಂದೇಶ ಬೇರೆ. ಎರಡನೆಯದಕ್ಕೆ ಟ್ರಾಯ್‌ನ 2018ರ ನಿಯಮಾವಳಿಯಂತೆ ನೋಂದಣಿ ಅಗತ್ಯ. ಸಾಮಾನ್ಯ ಸಿಮ್‌ನಿಂದ ಅದನ್ನು ಕಳುಹಿಸಿದರೆ ಸಂಪರ್ಕವೇ ಕಡಿದುಹೋಗಬಹುದು.

"ನಾವು ಕ್ಷೇಮ. ನೀರು ಇಳಿದಿದೆ. ಚಿಂತೆ ಬೇಡ." ಇದು 36 ಸ್ಥಾನ, ಒಂದೇ ಸಂದೇಶದಲ್ಲಿ ಅಡಗುತ್ತದೆ. ಮಳೆಗಾಲಕ್ಕೆ ಮುನ್ನವೇ ಇಂತಹ ನಾಲ್ಕಾರು ವಾಕ್ಯಗಳನ್ನು ಎಣಿಸಿ ಸಿದ್ಧಪಡಿಸಿಟ್ಟುಕೊಳ್ಳಬೇಕೆಂದು, ಮನೆಯ ಹಿರಿಯರ ಫೋನಿಗೆ ಒಮ್ಮೆ ಕಳುಹಿಸಿ ಅವರಿಂದಲೇ ಓದಿಸಿ ನೋಡಬೇಕೆಂದು ನಾವು ಸೂಚಿಸುತ್ತೇವೆ.