ಆಹಾರತಜ್ಞರ ರಾಜ್ಯ ಪರವಾನಗಿ (ಅಮೇರಿಕ ಸಂಯುಕ್ತ ಸಂಸ್ಥಾನ)

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಆಹಾರತಜ್ಞರ ರಾಜ್ಯ ಪರವಾನಗಿಯೆಂದರೆ, ಪಥ್ಯ ಹಾಗೂ ಪೋಷಣೆಯ ವಿಷಯದಲ್ಲಿ ವೃತ್ತಿಪರ ಸಲಹೆ ಮತ್ತು ಚಿಕಿತ್ಸೆ ನೀಡಲು ಆಯಾ ರಾಜ್ಯ ಸರ್ಕಾರವು ಶಾಸನದ ಮೂಲಕ ಕೊಡುವ ಅನುಮತಿ. ಇದನ್ನು ರಾಷ್ಟ್ರಮಟ್ಟದ 'ನೋಂದಾಯಿತ ಆಹಾರತಜ್ಞ' ಎಂಬ ಅರ್ಹತೆಯೊಂದಿಗೆ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ನೋಂದಣಿಯನ್ನು ಕೊಡುವುದು ಸರ್ಕಾರವಲ್ಲ, ಖಾಸಗಿ ವೃತ್ತಿ ಸಂಸ್ಥೆ. ಪರವಾನಗಿಯನ್ನು ಕೊಡುವುದು ರಾಜ್ಯ. ಪರವಾನಗಿ ಕಡ್ಡಾಯವಿರುವ ರಾಜ್ಯದಲ್ಲಿ ಎಷ್ಟೇ ದೊಡ್ಡ ಪದವಿಯಿದ್ದರೂ, ನೋಂದಣಿಯಿದ್ದರೂ, ಪರವಾನಗಿಯಿಲ್ಲದೆ ಆಹಾರತಜ್ಞರಾಗಿ ಕೆಲಸ ಮಾಡುವುದು ಕಾನೂನಿನ ಉಲ್ಲಂಘನೆಯಾಗುತ್ತದೆ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಲೆನಾ ಫ್ರಾನ್ಸಿಸ್ ಕೂಪರ್ ಮತ್ತು ಲುಲು ಗ್ರೇವ್ಸ್ ಅವರ ನೇತೃತ್ವದಲ್ಲಿ ಅಮೇರಿಕನ್ ಡಯೆಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. 2012ರಿಂದ ಇದರ ಹೆಸರು ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯೆಟಿಕ್ಸ್. 1969ರಲ್ಲಿ ಈ ಸಂಸ್ಥೆಯು ತಜ್ಞರ ನೋಂದಣಿಯನ್ನು ಆರಂಭಿಸಿತು. ರಾಜ್ಯಗಳ ಶಾಸನಗಳು ಬಹುಮಟ್ಟಿಗೆ 1980ರ ದಶಕದಿಂದ ಈಚಿನವು.

ಅಮೇರಿಕದಲ್ಲಿ ವೈದ್ಯರು, ದಾದಿಯರು, ವಕೀಲರು ಮೊದಲಾದವರ ವೃತ್ತಿಗಳನ್ನು ನಿಯಂತ್ರಿಸುವ ಅಧಿಕಾರ ರಾಜ್ಯಗಳದ್ದು. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ದೇಶದ ಯಾವುದೇ ನ್ಯಾಯಾಲಯದಲ್ಲಿ ವಾದಿಸಬಹುದಾದ ಭಾರತದ ಪದ್ಧತಿಗೆ ಒಗ್ಗಿದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ರಾಜ್ಯದ ಗಡಿ ದಾಟಿದರೆ ಪರವಾನಗಿಯ ಬೆಲೆ ಮುಗಿಯಿತು.

ಕಾನೂನಿನ ಬಗೆಗಳು

ಎಲ್ಲ ರಾಜ್ಯಗಳ ಕಾನೂನೂ ಒಂದೇ ತೂಕದ್ದಲ್ಲ. ಫ್ಲಾರಿಡಾದಂಥ ರಾಜ್ಯಗಳು ವೃತ್ತಿಯನ್ನೇ ಪರವಾನಗಿಗೆ ಒಳಪಡಿಸಿವೆ. ನ್ಯೂಯಾರ್ಕ್ ರಾಜ್ಯವು 'ಪ್ರಮಾಣಿತ ಆಹಾರತಜ್ಞ–ಪೋಷಣತಜ್ಞ' ಎಂಬ ಪದನಾಮವನ್ನು ಮಾತ್ರ ರಕ್ಷಿಸುತ್ತದೆ. ಆ ಹೆಸರನ್ನು ಬಳಸದೆ ಸಲಹೆ ನೀಡುವುದಕ್ಕೆ ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಹಾರತಜ್ಞರಿಗೆ ಪರವಾನಗಿ ಮಂಡಳಿಯೇ ಇಲ್ಲ; 'ನೋಂದಾಯಿತ ಆಹಾರತಜ್ಞ' ಎಂಬ ಹೆಸರನ್ನು ಅರ್ಹತೆಯಿಲ್ಲದವರು ಬಳಸಬಾರದೆಂಬ ನಿಯಮವಷ್ಟೇ ಇದೆ.

ಈ ಭೇದಕ್ಕೆ ಹಣಕಾಸಿನ ಪರಿಣಾಮವೂ ಉಂಟು. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, 2002ರಿಂದ ಮಧುಮೇಹ ಹಾಗೂ ಮೂತ್ರಪಿಂಡದ ಕಾಯಿಲೆಯುಳ್ಳವರ ಪೋಷಣ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತಿದೆ. ಮೊದಲ ವರ್ಷಕ್ಕೆ ಮೂರು ಗಂಟೆ, ನಂತರ ವರ್ಷಕ್ಕೆ ಎರಡು ಗಂಟೆ ಎಂಬುದು ಅದರ ಸಾಮಾನ್ಯ ಮಿತಿ. ಪರವಾನಗಿ ಅಥವಾ ಪ್ರಮಾಣೀಕರಣದ ವ್ಯವಸ್ಥೆಯಿರುವ ರಾಜ್ಯದಲ್ಲಿ ಅದನ್ನು ಪಡೆದ ತಜ್ಞರಿಗೆ ಮಾತ್ರ ಈ ಹಣ ಸಲ್ಲುತ್ತದೆ.

ಪಡೆಯುವ ಕ್ರಮ

ಬಹುತೇಕ ಅಭ್ಯರ್ಥಿಗಳು ಮೊದಲು ರಾಷ್ಟ್ರೀಯ ನೋಂದಣಿಯನ್ನು ಪಡೆದು, ಅದನ್ನೇ ಆಧಾರವಾಗಿಟ್ಟು ರಾಜ್ಯಕ್ಕೆ ಅರ್ಜಿ ಸಲ್ಲಿಸುತ್ತಾರೆ. ನೋಂದಣಿಯ ಹೊಣೆ ಕಮಿಷನ್ ಆನ್ ಡಯೆಟಿಕ್ ರಿಜಿಸ್ಟ್ರೇಷನ್ ಎಂಬ ಸಂಸ್ಥೆಯದು. ಮಾನ್ಯತೆ ಪಡೆದ ಪಠ್ಯಕ್ರಮ, ಆಸ್ಪತ್ರೆ, ಸಮುದಾಯ ಮತ್ತು ಸಾಮೂಹಿಕ ಅಡುಗೆ ವ್ಯವಸ್ಥೆಗಳಲ್ಲಿ ಮೇಲ್ವಿಚಾರಣೆಯಡಿ ಕನಿಷ್ಠ 1,000 ಗಂಟೆಗಳ ತರಬೇತಿ, ಆಮೇಲೆ ಗಣಕಯಂತ್ರದ ಮೂಲಕ ನಡೆಯುವ ಪರೀಕ್ಷೆ: ಇವು ಅದರ ಹಂತಗಳು. ಪರೀಕ್ಷೆಯಲ್ಲಿ 125ರಿಂದ 145 ಪ್ರಶ್ನೆಗಳಿರುತ್ತವೆ. ಹಿಂದಿನ ಉತ್ತರಗಳನ್ನು ನೋಡಿಕೊಂಡು ಯಂತ್ರವು ಮುಂದಿನ ಪ್ರಶ್ನೆಯ ಕಠಿಣತೆಯನ್ನು ನಿರ್ಧರಿಸುತ್ತದೆ. ಮೊದಲು ಸ್ನಾತಕ ಪದವಿ ಸಾಕಾಗುತ್ತಿತ್ತು. 2024ರ ಜನವರಿ 1ರಿಂದ ಪರೀಕ್ಷೆಗೆ ಹೊಸದಾಗಿ ಅರ್ಹರಾಗಲು ಸ್ನಾತಕೋತ್ತರ ಪದವಿ ಕಡ್ಡಾಯ. ಓದಿನ ಖರ್ಚು ದುಬಾರಿಯಾದ ದೇಶದಲ್ಲಿ ಇದು ಬಡ ಕುಟುಂಬದ ವಿದ್ಯಾರ್ಥಿಗಳನ್ನು ದೂರವಿಡುತ್ತದೆಂಬ ಆಕ್ಷೇಪ ನಿರಾಧಾರವಾದುದಲ್ಲ.

ರಾಜ್ಯಗಳು ಇದಕ್ಕೆ ತಮ್ಮ ಷರತ್ತುಗಳನ್ನು ಸೇರಿಸುವುದುಂಟು. ಟೆಕ್ಸಾಸ್ ರಾಜ್ಯದಲ್ಲಿ ವೃತ್ತಿಗೆ ಸಂಬಂಧಿಸಿದ ಕಾನೂನಿನ ಪರೀಕ್ಷೆಯೊಂದನ್ನು ಪ್ರತ್ಯೇಕವಾಗಿ ಮುಗಿಸಬೇಕು.

ಉಳಿಸಿಕೊಳ್ಳುವ ಕ್ರಮ

ಪರವಾನಗಿ ಕೈಸೇರಿದ ಮೇಲೆ ಅದನ್ನು ಜೀವಂತವಾಗಿಡುವುದೇ ಹೆಚ್ಚು ಎಚ್ಚರ ಬೇಡುವ ಕೆಲಸ. ರಾಷ್ಟ್ರೀಯ ನೋಂದಣಿಗೆ ಐದು ವರ್ಷಗಳಲ್ಲಿ 75 ಗಂಟೆಗಳ ನಿರಂತರ ಶಿಕ್ಷಣ ಬೇಕು. ವಾರ್ಷಿಕ ಶುಲ್ಕ ಬೇರೆ. ಫ್ಲಾರಿಡಾದ ಪರವಾನಗಿಗೆ ಎರಡು ವರ್ಷಗಳಿಗೆ 30 ಗಂಟೆ. ಅದರಲ್ಲಿ ಎರಡು ಗಂಟೆ ವೈದ್ಯಕೀಯ ತಪ್ಪುಗಳನ್ನು ತಡೆಗಟ್ಟುವ ವಿಷಯಕ್ಕೆ ಮೀಸಲು. ಲೆಕ್ಕ ಹಾಕಿದರೆ ಎರಡೂ ವರ್ಷಕ್ಕೆ 15 ಗಂಟೆಯೇ ಆಗುತ್ತವೆ. ಆದರೆ ಅವಧಿಗಳು ಬೇರೆ, ವರದಿ ಮಾಡಬೇಕಾದ ಕಚೇರಿಗಳು ಬೇರೆ. ಒಂದನ್ನು ನವೀಕರಿಸಿದರೆ ಮತ್ತೊಂದು ತಾನಾಗಿಯೇ ನವೀಕರಣಗೊಳ್ಳದು. ಅನುಭವಿಗಳೂ ಎಡವುವುದು ಇಲ್ಲಿಯೇ. ಫ್ಲಾರಿಡಾದಲ್ಲಿ ಗಡುವು ಮೀರಿದ ಪರವಾನಗಿಯನ್ನು 'ಬಾಕಿ' ಎಂದು ಪರಿಗಣಿಸಲಾಗುತ್ತದೆ. ಮುಂದಿನ ಅವಧಿ ಮುಗಿಯುವುದರೊಳಗೆ ಸರಿಪಡಿಸಿಕೊಳ್ಳದಿದ್ದರೆ, ಬೇರೆ ಆದೇಶವೇನೂ ಇಲ್ಲದೆ ಅದು ಶೂನ್ಯವಾಗುತ್ತದೆ.

ಫ್ಲಾರಿಡಾ ಮೊಕದ್ದಮೆ

ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ಮಾರ್ಗದರ್ಶಕಿಯಾಗಿದ್ದ ಮಹಿಳೆಯೊಬ್ಬರು, ವಾಯುಪಡೆಯಲ್ಲಿದ್ದ ಪತಿಯೊಂದಿಗೆ 2015ರಲ್ಲಿ ಫ್ಲಾರಿಡಾಕ್ಕೆ ಬಂದು ಅದೇ ಕೆಲಸವನ್ನು ಮುಂದುವರಿಸಿದರು. ಪರವಾನಗಿ ಹೊಂದಿದ ಆಹಾರತಜ್ಞರೊಬ್ಬರು ದೂರು ನೀಡಿದರು. ಆರೋಗ್ಯ ಇಲಾಖೆಯ ತನಿಖಾಧಿಕಾರಿಯು ಗ್ರಾಹಕನ ಸೋಗಿನಲ್ಲಿ ಅವರನ್ನು ಸಂಪರ್ಕಿಸಿದ ಮೇಲೆ 500 ಡಾಲರ್ ದಂಡ ಮತ್ತು ತನಿಖೆಯ ವೆಚ್ಚವನ್ನು ವಿಧಿಸಲಾಯಿತು. ಹಣ ಪಡೆದು 'ಏನು ತಿನ್ನಬೇಕು' ಎಂದು ಹೇಳುವುದು ಸಂವಿಧಾನ ರಕ್ಷಿಸುವ ವಾಕ್ ಸ್ವಾತಂತ್ರ್ಯವೆಂದು ಅವರು 2017ರಲ್ಲಿ ಮೊಕದ್ದಮೆ ಹೂಡಿದರು. ಜಿಲ್ಲಾ ನ್ಯಾಯಾಲಯ 2019ರಲ್ಲಿಯೂ, ಹನ್ನೊಂದನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ 2022ರಲ್ಲಿಯೂ ರಾಜ್ಯದ ಪರವಾಗಿ ತೀರ್ಪಿತ್ತವು: ಶಾಸನವು ನಿಯಂತ್ರಿಸುವುದು ವೃತ್ತಿಯ ನಡವಳಿಕೆಯನ್ನು, ಮಾತಿನ ಮೇಲೆ ಬೀಳುವ ಹೊರೆ ಪ್ರಾಸಂಗಿಕವಾದುದು.

ಆದರೆ ಅಷ್ಟರಲ್ಲಿ, 2020ರಲ್ಲಿ, ಶಾಸಕಾಂಗವೇ ಕಾನೂನನ್ನು ಸಡಿಲಿಸಿತ್ತು. ಆಹಾರತಜ್ಞರೆಂದು ಹೇಳಿಕೊಳ್ಳದೆ, ಪಥ್ಯ ಚಿಕಿತ್ಸೆ ಅಗತ್ಯವಿರುವ ಕಾಯಿಲೆಗಾಗಿ ವೈದ್ಯರ ನೇರ ಆರೈಕೆಯಲ್ಲಿರುವವರನ್ನು ಬಿಟ್ಟು, ಉಳಿದವರಿಗೆ ಹಣ ಪಡೆದು ಸಲಹೆ ನೀಡಲು ಈಗ ಅಲ್ಲಿ ಅವಕಾಶವಿದೆ. ಆರೋಗ್ಯವಂತನಿಗೆ ಸೊಪ್ಪು ತರಕಾರಿ ತಿನ್ನೆಂದು ಹೇಳುವುದಕ್ಕೂ, ಡಯಾಲಿಸಿಸ್‌ನಲ್ಲಿರುವವರಿಗೆ ಪೊಟ್ಯಾಸಿಯಮ್ ಪ್ರಮಾಣವನ್ನು ನಿಗದಿಪಡಿಸುವುದಕ್ಕೂ ಇರುವ ಅಂತರವನ್ನು ತಿದ್ದುಪಡಿ ಗುರುತಿಸಿತೆನ್ನಬಹುದು. ಎರಡನೆಯದರಲ್ಲಿ ತಪ್ಪಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಅಂತರರಾಜ್ಯ ಒಡಂಬಡಿಕೆ

ರಾಜ್ಯದಿಂದ ರಾಜ್ಯಕ್ಕೆ ಹೋಗುವವರ, ವಿಶೇಷವಾಗಿ ಸೈನಿಕ ಕುಟುಂಬಗಳ, ತೊಂದರೆಯನ್ನು ತಗ್ಗಿಸಲು ಆಹಾರತಜ್ಞರ ಪರವಾನಗಿ ಒಡಂಬಡಿಕೆಯನ್ನು ರೂಪಿಸಲಾಗಿದೆ. ಏಳು ರಾಜ್ಯಗಳು ಶಾಸನ ಮಾಡಿದಾಗ ಅದು ಜಾರಿಗೆ ಬರುವಂತೆ ಬರೆಯಲಾಗಿದ್ದು, ಅಲಬಾಮಾ, ನೆಬ್ರಾಸ್ಕಾ, ಟೆನೆಸಿ ಮೊದಲಿಗೆ ಸೇರಿದ ರಾಜ್ಯಗಳಲ್ಲಿ ಕೆಲವು. ಸ್ವಂತ ರಾಜ್ಯದ ಪರವಾನಗಿ ಇದರಡಿಯಲ್ಲಿಯೂ ಬೇಕೇ ಬೇಕು.

ಭಾರತೀಯ ಪದವೀಧರರು

ಭಾರತದಲ್ಲಿ ಗೃಹವಿಜ್ಞಾನ ಅಥವಾ ಪೋಷಣಶಾಸ್ತ್ರ ಓದಿ ಅಮೇರಿಕಕ್ಕೆ ಹೋದವರ ಪದವಿ ಅಲ್ಲಿ ನೇರವಾಗಿ ಸಲ್ಲುವುದಿಲ್ಲ. ಮೊದಲು ಪದವಿಯ ತತ್ಸಮಾನತೆಯನ್ನು ಮೌಲ್ಯಮಾಪನ ಸಂಸ್ಥೆಯಿಂದ ದೃಢಪಡಿಸಿಕೊಂಡು, ಕೊರತೆಯಿರುವ ಪಠ್ಯಗಳನ್ನೂ ಮೇಲ್ವಿಚಾರಣೆಯ ತರಬೇತಿಯನ್ನೂ ಪೂರೈಸಬೇಕಾಗುತ್ತದೆ. ಭಾರತೀಯ ಡಯೆಟಿಕ್ ಅಸೋಸಿಯೇಷನ್ ನಡೆಸುವ ನೋಂದಣಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೂ ಇದು ತಪ್ಪದು. ಭಾರತದಲ್ಲಿ ಆಹಾರತಜ್ಞರ ವೃತ್ತಿಯು ಶಾಸನಬದ್ಧ ನಿಯಂತ್ರಣಕ್ಕೆ ಒಳಪಟ್ಟದ್ದು 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯಿದೆಯಿಂದ. ಅದರ ಪ್ರಕಾರವೂ ನೋಂದಣಿಯ ಕೆಲಸ ರಾಜ್ಯ ಪರಿಷತ್ತುಗಳದ್ದು.