ಚಂಡೀಗಢದ ವಾಣಿಜ್ಯ ಪ್ರದೇಶಗಳು

ಪಂಜಾಬ್ ಮತ್ತು ಹರಿಯಾಣಗಳ ರಾಜಧಾನಿಯಾದ ಚಂಡೀಗಢದಲ್ಲಿ ಯಾವ ವ್ಯಾಪಾರ ಎಲ್ಲಿ ನಡೆಯಬೇಕೆಂಬುದು ಊರು ಕಟ್ಟುವ ಮೊದಲೇ ನಕ್ಷೆಯಲ್ಲಿ ಗೊತ್ತಾಗಿತ್ತು. ವಾಸ್ತುಶಿಲ್ಪಿ ಲೆ ಕಾರ್ಬುಸಿಯರ್ 1951ರಲ್ಲಿ ರೂಪಿಸಿದ ಯೋಜನೆ ನಗರವನ್ನು 800 ಮೀಟರ್ ಅಗಲ, 1,200 ಮೀಟರ್ ಉದ್ದದ ಸೆಕ್ಟರ್‌ಗಳಾಗಿ ವಿಂಗಡಿಸಿತು. ಸೆಕ್ಟರ್‌ಗಳನ್ನು ಸುತ್ತುವರಿದ ವಿ-3 ರಸ್ತೆಗಳು ವೇಗದ ವಾಹನಗಳಿಗೆ ಮೀಸಲು. ಅವುಗಳತ್ತ ಮನೆಯ ಬಾಗಿಲು ತೆರೆಯುವಂತಿಲ್ಲ.

ದಿನಬಳಕೆಯ ವ್ಯಾಪಾರಕ್ಕೆ ಇರುವುದು ವಿ-4 ಬೀದಿ. ಇದು ಸೆಕ್ಟರಿನ ನಡುವೆ ಹಾಯ್ದು ಪಕ್ಕದ ಸೆಕ್ಟರಿನ ವಿ-4ಕ್ಕೆ ಕೂಡಿಕೊಳ್ಳುತ್ತದೆ. ಅಂಗಡಿಸಾಲು ಒಂದೇ ಬದಿಗೆ, ನೆರಳು ಬೀಳುವ ಕಡೆ. ದಿನಸಿ ಕೊಂಡವರು ರಸ್ತೆ ದಾಟದೆ, ಬಿಸಿಲಿಗೆ ಬೀಳದೆ, ಅಂಗಡಿಗಳ ಮುಂದಿನ ಜಗಲಿಯಲ್ಲೇ ನಡೆದು ಔಷಧಿ ಅಂಗಡಿಗೋ ದರ್ಜಿಯ ಬಳಿಗೋ ಹೋಗಬಹುದು. ಇಡೀ ಯೋಜನೆಯಲ್ಲಿ ಜನರ ಕಾಲಿಗೆ ಇಷ್ಟು ಹತ್ತಿರವಾದ ಯೋಚನೆ ಇನ್ನೊಂದಿಲ್ಲ. ಕಟ್ಟಡಗಳಿಗೂ ದರ್ಜೆಗಳಿವೆ: ಒಂದೇ ಅಂತಸ್ತಿನ ಬೂತ್, ಕೆಳಗೆ ಅಂಗಡಿ, ಮೇಲೆ ಮನೆ ಇರುವ ‘ಶಾಪ್-ಕಮ್-ಫ್ಲಾಟ್’ ಅಥವಾ ಎಸ್‌ಸಿಎಫ್, ಮೇಲೆ ಕಚೇರಿ ಇರುವ ‘ಶಾಪ್-ಕಮ್-ಆಫೀಸ್’ ಅಥವಾ ಎಸ್‌ಸಿಒ. ಈ ಅಕ್ಷರಗಳು ಊರಿನವರ ವಿಳಾಸದಲ್ಲೇ ಸೇರಿಹೋಗಿವೆ. ಕಟ್ಟಡದ ಮುಂಭಾಗ ಹೇಗಿರಬೇಕೆಂಬುದನ್ನೂ ಆಡಳಿತವೇ ನಿಗದಿಪಡಿಸುತ್ತದೆ. ಮಾಲೀಕರ ಇಷ್ಟಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ.

ಬಟ್ಟೆ, ಬ್ಯಾಂಕು, ಸಿನಿಮಾ ಮುಂತಾದ ನಗರಮಟ್ಟದ ವ್ಯವಹಾರಗಳಿಗೆ ಸೆಕ್ಟರ್ 17 ಮೀಸಲಾಯಿತು. ಅಲ್ಲಿನ ವಿಶಾಲ ಚೌಕದೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ಸುತ್ತ ಒಂದೇ ಎತ್ತರದ ಕಾಂಕ್ರೀಟ್ ಕಟ್ಟಡಗಳು. ಧಾನ್ಯ ಮತ್ತು ತರಕಾರಿಯ ಸಗಟು ಮಂಡಿ ಸೆಕ್ಟರ್ 26ರಲ್ಲಿದೆ. ಕಾರ್ಖಾನೆಗಳಿಗೆ ಪೂರ್ವದಲ್ಲಿ, ವಸತಿಯಿಂದ ದೂರವಾಗಿ ಜಾಗ ಕೊಡಲಾಯಿತು. ಊರು ದಕ್ಷಿಣಕ್ಕೆ ಬೆಳೆದಾಗ ಸೆಕ್ಟರ್ 34 ಉಪಕೇಂದ್ರವಾಯಿತು.

ನಕ್ಷೆ ಎಣಿಸದೆ ಹೋದದ್ದು ಸಣ್ಣ ಬಂಡವಾಳದವರನ್ನು. ಬೂತಿನ ಬೆಲೆಯೂ ಎಟುಕದವರು ಕೈಗಾಡಿ ಇಟ್ಟು ವ್ಯಾಪಾರಕ್ಕಿಳಿದರು. ಗಾಡಿಗಳು ಸೇರಿದ ಕಡೆಗಳಲ್ಲಿ ‘ರೇಹಡಿ ಮಾರುಕಟ್ಟೆ’ಗಳು ಬೆಳೆದವು. ದೊಡ್ಡ ಬಂಡವಾಳ ಬೇರೆ ದಾರಿ ಕಂಡುಕೊಂಡಿತು. ಕೈಗಾರಿಕಾ ನಿವೇಶನಗಳನ್ನು ವಾಣಿಜ್ಯಕ್ಕೆ ಪರಿವರ್ತಿಸಲು 2005ರಲ್ಲಿ ಅವಕಾಶ ಸಿಕ್ಕಿತು. 2013ರಲ್ಲಿ ಎಲಾಂಟೆ ಮಾಲ್ ತೆರೆದದ್ದು ಕೈಗಾರಿಕಾ ಪ್ರದೇಶದಲ್ಲೇ. ಸೆಕ್ಟರ್ 17ರ ಗಿರಾಕಿಗಳಲ್ಲಿ ಅನೇಕರು ಅತ್ತ ಹೊರಳಿದರು. ರೈತರು ನೇರವಾಗಿ ಮಾರುವ ‘ಅಪ್ನಿ ಮಂಡಿ’ ಮಾತ್ರ ಎಲ್ಲಿಯೂ ನೆಲೆಯೂರದೆ, ವಾರದ ಒಂದೊಂದು ದಿನ ಒಂದೊಂದು ಸೆಕ್ಟರಿನ ಬಯಲಿನಲ್ಲಿ ಸೇರುತ್ತದೆ.